ಟೆಸ್ಟ್ ಅದೇ, ಊರು ಬೇರೆ

ಇಲಿ ಸತ್ತು ಹೊತ್ತಾಗಿತ್ತು. ಅವನು ಮಾತ್ರ ಹೊಡೆಯುವುದನ್ನು ನಿಲ್ಲಿಸಿರಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಗ್ಯಾಸ್ ಸಿಲಿಂಡರಿನ ಹಿಂದೆ ಸಿಕ್ಕಿಬಿದ್ದದ್ದನ್ನು ಒರೆಸುಕೋಲಿನ ಹಿಡಿಯಿಂದ ಮೊದಲ ಏಟಿಗೇ ಮುಗಿಸಿದ್ದ. ಎರಡನೆಯದು ಖಾತ್ರಿಗೆ. ಮೂರನೆಯದು ಎರಡನೆಯದರ ಮೇಲಿನ ಅಪನಂಬಿಕೆಗೆ. ಆಮೇಲಿನವು ಯಾತಕ್ಕೆಂದು ಅವನಿಗೇ ತಿಳಿಯಲಿಲ್ಲ. ತೋಳು ತನ್ನಷ್ಟಕ್ಕೆ ಏಳುತ್ತಿತ್ತು, ಇಳಿಯುತ್ತಿತ್ತು, ಪ್ರತಿ ಏಟಿಗೂ ಎದೆಯೊಳಗೆ ಏನೋ ಒಂದು ಗಂಟು ಸಡಿಲಾಗಿ ಹಿತವಾಗುತ್ತಿತ್ತು. ಆ ಹಿತಕ್ಕೇ ಅವನು ಹೆದರಿದ. ಹೆಂಡತಿ ಬಾಗಿಲ ಹತ್ತಿರ ನಿಂತಿದ್ದಳು.

"ಸಾಕು ಬಿಡಿ ರೀ, ಅದು ಸತ್ತಿದೆ."

"ಸತ್ತಿದೆ ಅಂತ ನಿಂಗೆ ಹೇಗೆ ಗೊತ್ತು?"

"ನೋಡಿದ್ರೆ ಗೊತ್ತಾಗಲ್ವಾ?"

ನೋಡಿದರೆ ಗೊತ್ತಾಗುತ್ತದೆ ಎನ್ನುವವರನ್ನು ಕಂಡರೆ ಅವನಿಗೆ ಯಾವಾಗಲೂ ಸಣ್ಣ ಹೊಟ್ಟೆಕಿಚ್ಚು. ಅವನಿಗೆ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷಕ್ಕೂ ಹೆಂಡತಿಯ ಮುಖ ನೋಡಿ ಅವಳಿಗೆ ಸಿಟ್ಟೋ ಸುಸ್ತೋ ಎಂದು ಹೇಳಲಾರ. ಕೇಳಬೇಕು, ಕೇಳಿದರೆ ಅವಳಿಗೆ ನಿಜವಾಗಿಯೂ ಸಿಟ್ಟು ಬರುತ್ತಿತ್ತು. ಈಗಲೂ ಅವಳು ನೆಲದ ಮೇಲಿನ ಗಲೀಜನ್ನಲ್ಲ, ಅವನ ಕೈಯನ್ನು ನೋಡುತ್ತಿದ್ದಳು. "ತೊಳ್ಕೊಂಡು ಬನ್ನಿ," ಎಂದಳು, ದಾರಿಯಲ್ಲಿ ಸಿಕ್ಕ ಯಾರಿಗೋ ಹೇಳುವ ಹಾಗೆ. ಮೇಜಿನ ಮೇಲೆ ಪೇಪರು ಬಿಡಿಸಿಟ್ಟಿತ್ತು. ಊರಿನ ಗಾಡಿಕುದುರೆಗಳಲ್ಲಿ ಇಪ್ಪತ್ತನಾಲ್ಕಕ್ಕೆ ಗ್ಲ್ಯಾಂಡರ್ಸ್, ಮನುಷ್ಯರಿಗೂ ಅಂಟುವ ರೋಗ. ಇವತ್ತು ಅವನ್ನು ಗುಂಡಿಟ್ಟು ಕೊಲ್ಲುತ್ತಾರೆ. ಪರೀಕ್ಷೆ ಶೇಕಡಾ ತೊಂಬತ್ತೈದು ಖಚಿತವೆಂದು, ಅವನು ಅಂಕಿಅಂಶ ನೋಡಿಕೊಳ್ಳುವ ಪಶು ಆರೋಗ್ಯ ಇಲಾಖೆ ಹೇಳಿದೆ. "ಇದು ನಿಮ್ಮ ಲೆಕ್ಕವೇ ಅಲ್ವಾ?" ಎಂದು ಅವಳು ಕೇಳಿದಾಗ ಅವನಿಗೆ ಒಳಗೊಳಗೇ ಬೀಗಬೇಕೆನಿಸಿತು. ಹೌದು ಎಂದ. ಅವನ ಹೆಸರು ಪೇಪರಿನಲ್ಲಿರಲಿಲ್ಲ, ಅಂಕಿ ಮಾತ್ರ ಇತ್ತು, ದಪ್ಪ ಅಕ್ಷರದಲ್ಲಿ.

ಆಫೀಸಿನಲ್ಲಿ ಅವನಿಗೆ ದಶಾಂಶ ಎಂದು ಹೆಸರು. ಯಾರಾದರೂ ಹೊತ್ತೆಷ್ಟು ಎಂದರೂ ಬಿಂದು ಇಟ್ಟು ಹೇಳುತ್ತಾನೆ ಎಂದು ನಗುತ್ತಿದ್ದರು, ಎದುರಿಗೇ. ಅವನೂ ಜೊತೆಗೆ ನಗುತ್ತಿದ್ದ, ಆಮೇಲೆ ಬಾತ್‌ರೂಮಿಗೆ ಹೋಗಿ ಕನ್ನಡಿಯ ಮುಂದೆ ದವಡೆ ಬಿಗಿಹಿಡಿದು ನಿಲ್ಲುತ್ತಿದ್ದ. ಆವತ್ತು ಅವನಿಗಿದ್ದ ಕೆಲಸ ಇಷ್ಟೇ: ಪತ್ರಕರ್ತರಿಗೆ ಕೊಡುವ ಕೋಷ್ಟಕದಲ್ಲಿ ಅಕ್ಷರ ದೊಡ್ಡದು ಮಾಡುವುದು. ಅದಕ್ಕೆಂದು ಕಂಪ್ಯೂಟರಿನಲ್ಲಿ ತನ್ನ ಹಳೆಯ ಲೆಕ್ಕ ತೆರೆದ. ಸಾಫ್ಟ್‌ವೇರಿಗೆ ಕೊಟ್ಟ ಆಜ್ಞೆ ಒಂದೇ ಸಾಲಿನದು. ಟೆಸ್ಟನ್ನು ಒರೆಗೆ ಹಚ್ಚಲು ಬೇರೆ ಊರಿನಲ್ಲಿ ಆರಿಸಿಕೊಂಡಿದ್ದು ರೋಗವಿದೆಯೆಂದು ಖಚಿತವಾಗಿ ಗೊತ್ತಿದ್ದ ನೂರು ಕುದುರೆ, ಇಲ್ಲವೆಂದು ಗೊತ್ತಿದ್ದ ನೂರು ಕುದುರೆ. ಟೆಸ್ಟು ಆ ನೂರರಲ್ಲಿ ತೊಂಬತ್ತೈದನ್ನು ಹಿಡಿದಿತ್ತು, ಈ ನೂರರಲ್ಲಿ ಐದರ ಮೇಲೆ ಸುಳ್ಳು ಆರೋಪ ಹೊರಿಸಿತ್ತು. ಹಾಗಾದರೆ ಪಾಸಿಟಿವ್ ಬಂದ ನೂರರಲ್ಲಿ ತೊಂಬತ್ತೈದು ನಿಜ. ಸರಿಯಾಗಿಯೇ ಇತ್ತು. ಸಾಲಿನ ಕೊನೆಗೆ ಒಂದು ಜಾಗವಿತ್ತು, ನೀವು ಟೆಸ್ಟು ಮಾಡಹೊರಟ ಊರಿನಲ್ಲಿ ರೋಗ ಎಷ್ಟು ಹರಡಿದೆ ಎಂದು ತುಂಬುವ ಜಾಗ. ಅದು ಖಾಲಿಯಿತ್ತು. ಖಾಲಿ ಬಿಟ್ಟರೆ ಸಾಫ್ಟ್‌ವೇರು ಮುಖ ಗಂಟಿಕ್ಕುವುದಿಲ್ಲ, ಕೆಂಪು ಅಕ್ಷರದಲ್ಲಿ ಬೈಯುವುದಿಲ್ಲ. ತನ್ನ ಮುಂದಿಟ್ಟ ಮಂದೆ ಹೇಗಿದೆಯೋ ಲೋಕವೂ ಹಾಗೇ ಇದೆಯೆಂದು ನಂಬಿಕೊಂಡು, ಎರಡರಲ್ಲೊಂದು ಕುದುರೆ ರೋಗಿಯೆಂದು ನಂಬಿಕೊಂಡು, ವಿಧೇಯವಾಗಿ ಉತ್ತರ ಕೊಡುತ್ತದೆ.

ಅವನು ಆ ಜಾಗದಲ್ಲಿ ನೂರಕ್ಕೆ ಒಂದು ಎಂದು ತುಂಬಿದ. ಈ ಊರಿನಲ್ಲಿ ಸತ್ತ ಕುದುರೆಗಳನ್ನು ಕೊಯ್ದು ನೋಡಿದ ವರದಿಗಳು ಹೇಳುತ್ತಿದ್ದುದು ಅಷ್ಟೇ. ಕೀಲಿ ಒತ್ತಿದ. ತೊಂಬತ್ತೈದು ಇದ್ದ ಜಾಗದಲ್ಲಿ ಹದಿನಾರು ಬಂತು. ತಪ್ಪು ಒತ್ತಿದೆನೆಂದು ಅಳಿಸಿ ಮತ್ತೆ ಒತ್ತಿದ, ಹದಿನಾರು. ಒಂದರ ಬದಲು ಎರಡು ಎಂದು ಹಾಕಿ ನೋಡಿದ, ಮೂರು ಹಾಕಿದ. ಅಂಕಿ ಏರಿತು, ಅವನ ಮಾನ ಉಳಿಸುವಷ್ಟು ಏರಲಿಲ್ಲ. ಕಾಗದದ ಮೇಲೆ ಶಾಲೆಯ ಹುಡುಗನ ಹಾಗೆ ಬರೆದ. ಟೆಸ್ಟಾದದ್ದು ನಾನೂರು ಕುದುರೆ. ರೋಗ ಇರಬಹುದಾದದ್ದು ನಾಲ್ಕಕ್ಕೆ. ಉಳಿದ ಮುನ್ನೂರ ತೊಂಬತ್ತಾರು ಆರೋಗ್ಯವಂತ ಕುದುರೆಗಳಲ್ಲಿ ನೂರಕ್ಕೆ ಐದರಂತೆ ಸುಳ್ಳು ಆರೋಪ: ಇಪ್ಪತ್ತು. ನಾಲ್ಕೂ ಇಪ್ಪತ್ತೂ ಇಪ್ಪತ್ತನಾಲ್ಕು. ಪೇಪರಿನಲ್ಲಿದ್ದ ಇಪ್ಪತ್ತನಾಲ್ಕು. ಆರು ಕುದುರೆ ಬಿದ್ದರೆ ಅದರಲ್ಲಿ ಐದು ಸುಮ್ಮನೆ ಬೀಳುತ್ತವೆ. ಪಕ್ಕದ ಮೇಜಿನವನು ಫೋನಿನಲ್ಲಿ ಯಾರಿಗೋ ಸೋಫಾದ ಬಣ್ಣ ವಿವರಿಸುತ್ತಿದ್ದ. ಅವನ ತಲೆಯನ್ನು ಹಿಡಿದು ಮೇಜಿಗೆ ಗುದ್ದಬೇಕೆನಿಸಿತು.

ನಿರ್ದೇಶಕರು ಕನ್ನಡಕ ಒರೆಸುತ್ತ ಕೇಳಿಸಿಕೊಂಡರು. ಕೆಟ್ಟ ಮನುಷ್ಯನಲ್ಲ. ತಿಂಗಳ ಹಿಂದೆ ಲಾಯದ ಆಳೊಬ್ಬ ಇದೇ ರೋಗದಲ್ಲಿ, ಮೈತುಂಬ ಹುಣ್ಣಾಗಿ ಸತ್ತಿದ್ದ. ಅವನ ಮನೆಗೆ ಹೋಗಿ ಬಂದಮೇಲೆ ಅವರು ಎರಡು ದಿನ ಊಟ ಬಿಟ್ಟಿದ್ದರೆಂದು ಹೇಳುತ್ತಿದ್ದರು.

"ಟೆಸ್ಟ್ ಅದೇ ತಾನೇ?"

"ಅದೇ ಸಾರ್."

"ಕುದುರೆಗಳೂ ಅವೇ ತಾನೇ? ಮತ್ತೆ ನಿನ್ನೆ ತೊಂಬತ್ತೈದು ಇದ್ದದ್ದು ಇವತ್ತು ಹದಿನಾರು ಹೆಂಗಾಯ್ತ್ರೀ? ಇದೇನು ತರಕಾರಿ ರೇಟಾ?"

"ಟೆಸ್ಟ್ ಅದೇ ಸಾರ್. ಊರು ಬೇರೆ. ಅಲ್ಲಿ ಅರ್ಧಕ್ಕರ್ಧ ಕಾಯಿಲೆ ಇತ್ತು. ಇಲ್ಲಿ ನೂರಕ್ಕೊಂದು."

"ಸರಿ, ನಾಲ್ಕಕ್ಕಾದ್ರೂ ಇದೆ ತಾನೇ? ಆ ನಾಲ್ಕನ್ನ ಬಿಡ್ಲಾ?"

"ಎರಡನೇ ಟೆಸ್ಟ್ ಮಾಡ್ಸೋಣ ಸಾರ್. ಬೇರೆ ಥರದ್ದು. ಒಂದು ವಾರ ಸಾಕು."

"ಒಂದು ವಾರ ಅವು ಉಸಿರಾಡ್ತಾವೆ. ಅವುಗಳ ಪಕ್ಕ ಜನ ಉಸಿರಾಡ್ತಾರೆ." ನಿರ್ದೇಶಕರು ಕನ್ನಡಕ ಹಾಕಿಕೊಂಡರು. "ಲೆಕ್ಕ ಕೊಟ್ಟೋರೂ ನೀವೇ, ಈಗ ತಪ್ಪು ಅನ್ನೋರೂ ನೀವೇ. ನಾಳೆ ಇನ್ನೊಂದು ಅಂಕಿ ತರಲ್ಲ ಅಂತ ಏನು ಗ್ಯಾರಂಟಿ? ನಾನು ಫೋನ್ ಮಾಡಲ್ಲ. ಅಷ್ಟು ಧೈರ್ಯ ಇದ್ರೆ ನೀವೇ ಹೋಗಿ, ಅಲ್ಲಿ ಬಂದೂಕು ಹಿಡ್ಕೊಂಡು ನಿಂತಿರೋರ ಹತ್ರ ಹೇಳಿ."

ಧೈರ್ಯವಿಲ್ಲದ್ದರಿಂದಲೇ ಅವನು ಹೋದ. ಧೈರ್ಯ ಇದ್ದವನು ಅಲ್ಲೇ ಕೂತು ಜಗಳವಾಡುತ್ತಿದ್ದ. ಅವನಿಗೆ ಆ ಕೋಣೆಯಿಂದ ಹೊರಬಿದ್ದರೆ ಸಾಕಾಗಿತ್ತು, ಹೊರಬೀಳುವುದಕ್ಕೆ ಅವರು ತೋರಿಸಿದ ಬಾಗಿಲು ಅದೊಂದೇ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು, ಹೇಳಬೇಕಾದ ಮಾತನ್ನು ನಾಲಿಗೆಯ ಮೇಲೆ ಹೊರಳಿಸಿದ. ಅಪ್ಪ ದರ್ಜಿ. ಒಂದು ದಿನ ಅಪ್ಪನ ದೊಡ್ಡ ಕತ್ತರಿ ಕಾಣೆಯಾಗಿತ್ತು. ಅವನನ್ನೂ ಅಣ್ಣನನ್ನೂ ಗೋಡೆಗೆ ನಿಲ್ಲಿಸಿ, ಕಬ್ಬಿಣದ ಅಳತೆಕೋಲು ಹಿಡಿದು ಅಪ್ಪ ಹೇಳಿದ್ದು ಸಿಟ್ಟಿನಿಂದಲ್ಲ, ಸಮಾಧಾನದಿಂದ: "ಇಬ್ಬರಲ್ಲಿ ಒಬ್ಬ ತೆಗೆದಿದ್ದಾನೆ. ಯಾರು ಅಂತ ಕೇಳ್ತಾ ಕೂರೋಕೆ ನಂಗೆ ಪುರುಸೊತ್ತಿಲ್ಲ. ಇಬ್ಬರಿಗೂ ಬಿದ್ರೆ ತೆಗೆದವನಿಗೂ ಬಿದ್ದಂಗೆ." ಬಿದ್ದವು. ಅಣ್ಣನ ಎಡಗಿವಿಯಿಂದ ರಕ್ತ ಬಂತು, ಆಮೇಲೆ ಆ ಕಿವಿ ಕೇಳಿಸಲೇ ಇಲ್ಲ. ಕತ್ತರಿಯೂ ಸಿಗಲಿಲ್ಲ. ಅಣ್ಣನೇ ತೆಗೆದದ್ದೆಂದು ಅವನು ಈಗಲೂ ನಂಬಿದ್ದಾನೆ. ಅವನೇ ತೆಗೆದದ್ದೆಂದು ಅಣ್ಣ ನಂಬಿದ್ದಾನೆ. ಹಬ್ಬ ಹುಣ್ಣಿಮೆಗೆ ಸಿಕ್ಕಿದರೂ ಇಬ್ಬರೂ ಹವೆಯ ವಿಷಯ ಮಾತಾಡುತ್ತಾರೆ. ಕಂಡಕ್ಟರು ಇಳಿಯಿರಿ ಎಂದು ಎರಡನೆಯ ಸಲ ಕೂಗಿದಾಗ ಅವನು ಇಳಿದ.

ಹಳೆಯ ಇಟ್ಟಿಗೆ ಗೂಡಿನ ಅಂಗಳ. ಮೂರು ಕಡೆ ಗೋಡೆ, ಒಂದು ಕಡೆ ಹಗ್ಗ ಕಟ್ಟಿ ಹಗ್ಗದಾಚೆ ಗಾಡಿಯವರನ್ನು ನಿಲ್ಲಿಸಿದ್ದರು, ಕಾವಲಿಗೆ ಇಬ್ಬರು ಪೊಲೀಸರು. ಜೆಸಿಬಿ ತೋಡಿದ ಗುಂಡಿಯ ಅಂಚಿಗೆ ಸುಣ್ಣದ ಚೀಲಗಳು. ಒಂದೊಂದೇ ಕುದುರೆಯನ್ನು ಗುಂಡಿಯ ಹತ್ತಿರ ತರುತ್ತಿದ್ದರು. ತೊಗಲಿನ ಏಪ್ರನ್ನು, ಮುಖಕ್ಕೆ ಮಾಸ್ಕು ಕಟ್ಟಿದ ಪಶುವೈದ್ಯೆ ಎಡಗೈಯಿಂದ ಅದರ ಹಣೆಯ ಕೂದಲು ಸರಿಸಿ, ಬಲಗೈಯ ಪಿಸ್ತೂಲನ್ನು ಅಲ್ಲಿಗೆ ತಂದು, ಏನೋ ಪಿಸುಗುಟ್ಟಿ ಒತ್ತುತ್ತಿದ್ದಳು. ಸದ್ದು ಅವನೆಣಿಸಿದಷ್ಟು ದೊಡ್ಡದಿರಲಿಲ್ಲ. ದೊಡ್ಡದಿದ್ದದ್ದು ಬೀಳುವುದು. ನಾಲ್ಕು ಕಾಲೂ ಒಟ್ಟಿಗೇ ಸುಳ್ಳಾಗಿ, ಅಷ್ಟು ಮೈ ಒಂದೇ ಸಲಕ್ಕೆ ನೆಲಕ್ಕೆ ಬಡಿದು, ಆ ಬಡಿತ ಅವನ ಅಂಗಾಲಿನಿಂದ ಹಲ್ಲಿನವರೆಗೆ ಏರುತ್ತಿತ್ತು. ಒಂದು ಕುದುರೆ ಸರಿಯಾಗಿ ಸಾಯಲಿಲ್ಲ. ಮುಂಗಾಲುಗಳನ್ನು ಮಡಚಿ ಏಳಲು ನೋಡಿತು, ಎದ್ದೇಬಿಟ್ಟಿತು, ಕಣ್ಣಿಗೆ ರಕ್ತ ಇಳಿದು ಕುರುಡಾಗಿ ತಿರುಗುತ್ತ ಹಿಡಿದವನನ್ನು ಗೋಡೆಗೆ ಒತ್ತಿ ಅವನ ಭುಜ ಮುರಿಯಿತು. ಪಶುವೈದ್ಯೆ ಓಡಿಹೋಗಿ ಮತ್ತೊಮ್ಮೆ, ಮಗದೊಮ್ಮೆ ಹೊಡೆದಳು. ಹಗ್ಗದಾಚೆ ಯಾರೋ ಗಂಡಸು ಎಳೆಮಗುವಿನ ಹಾಗೆ ಅತ್ತ.

ಅವನು ಅವಳ ಹತ್ತಿರ ಹೋಗಿ ಹೇಳಿದ. ಬಸ್ಸಿನಲ್ಲಿ ಹೊಂದಿಸಿಕೊಂಡ ಮಾತೆಲ್ಲ ಚೆಲ್ಲಾಪಿಲ್ಲಿಯಾಗಿ, ಹದಿನಾರು, ಖಾಲಿ ಜಾಗ, ಆರರಲ್ಲಿ ಐದು ಎಂದು ತೊದಲಿದ. ಅವಳು ಮಾಸ್ಕು ತೆಗೆಯಲಿಲ್ಲ. ಅವಳ ಕಣ್ಣ ಸುತ್ತ ಸಣ್ಣ ಸಣ್ಣ ಕೆಂಪು ಚುಕ್ಕೆ.

"ಆರ್ಡರ್ ತಂದಿದೀರಾ?"

"ಇಲ್ಲ."

"ಹದಿನೈದು ಹೊಡೆದಿದೀನಿ. ಈಗ ಬಂದು ಹೇಳ್ತೀರಲ್ಲ." ಅವಳು ಪಿಸ್ತೂಲಿಗೆ ಗುಂಡು ತುಂಬಿದಳು. "ನಿಲ್ಸಿದ್ರೆ ಮತ್ತೆ ಎತ್ತೋಕೆ ನನ್ನ ಕೈಲಿ ಆಗಲ್ಲ. ದಯವಿಟ್ಟು ಪಕ್ಕಕ್ಕೆ ಹೋಗಿ. ಮುಂದಿನದು ತನ್ನಿ."

ಮುಂದಿನದು ಕಂದು ಹೆಣ್ಣುಕುದುರೆ, ಕತ್ತಿನ ಮೇಲೆ ನೊಗದ ಹಳೆಯ ಗಾಯದ ಬಿಳಿ ಕೂದಲು. ಅದು ಗುಂಡಿಯ ವಾಸನೆಗೆ ಬೆದರಿ ಹಿಂದೆ ಹಿಂದೆ ಜಗ್ಗುತ್ತಿತ್ತು. ಅವನು ಯೋಚಿಸಿದನೆಂದರೆ ಸುಳ್ಳಾಗುತ್ತದೆ. ಕಾಲು ನಡೆದವು. ಹಗ್ಗದ ಕೆಳಗೆ ಬಗ್ಗಿ ನುಸುಳಿ ಗಾಡಿಯವರ ನಡುವೆ ಹೋಗಿ ನಿಂತ. ಬೆವರಿನ, ಬೀಡಿಯ, ಕುದುರೆಯ ವಾಸನೆ. ಮೊದಲು ಯಾರೂ ಅವನನ್ನು ಗಮನಿಸಲಿಲ್ಲ, ಅದೂ ಅವನಿಗೆ ಅವಮಾನವೆನಿಸಿತು.

"ಈ ಆರ್ಡರಿಗೆ ಲೆಕ್ಕ ಹಾಕಿದೋನು ನಾನು," ಎಂದ. ಯಾರೂ ತಿರುಗದಿದ್ದಾಗ ಇನ್ನೂ ಜೋರಾಗಿ, ಹೆಚ್ಚುಕಡಿಮೆ ಜಂಬದಿಂದ ಹೇಳಿದ. "ಲೆಕ್ಕ ತಪ್ಪಿತ್ತು. ಆರರಲ್ಲಿ ಐದಕ್ಕೆ ಕಾಯಿಲೆ ಇರಲಿಲ್ಲ."

ಗದ್ದಲ ಅಡಗಿತು. ಗುಂಪಿನ ಮುಂದೆ ಗಟ್ಟಿಮುಟ್ಟಾದ ಒಬ್ಬ ಹೆಂಗಸು, ಎಲ್ಲರೂ ಗಾಡಿಯಕ್ಕ ಎಂದು ಕರೆಯುತ್ತಿದ್ದವಳು, ಇಟ್ಟಿಗೆ ಗಾಡಿ ಹೊಡೆಯುವವಳು. ಕಂದು ಕುದುರೆ ಅವಳದು. ಅವಳು ಅವನ ಹತ್ತಿರ ಬಂದು, ಕಿವುಡನ ಜೊತೆ ಮಾತಾಡುವ ಹಾಗೆ ನಿಧಾನವಾಗಿ ಕೇಳಿದಳು.

"ಯಾವ ಐದು?"

"ಅದು ಗೊತ್ತಾಗಲ್ಲ ಅಕ್ಕ."

"ನಂದು ಆ ಐದರಲ್ಲಿದೆಯೋ, ಆ ಒಂದರಲ್ಲಿದೆಯೋ?"

"ಒಟ್ಟಿನ ಲೆಕ್ಕ ಅಕ್ಕ. ಒಂದೊಂದರದ್ದು ಹೇಳೋಕಾಗಲ್ಲ."

"ಹೇಳೋಕಾಗಲ್ಲ," ಎಂದು ಅವಳು ಸುತ್ತಲಿನವರಿಗೆ ತಿಳಿಸಿದಳು. ಆಮೇಲೆ ಚಾವಟಿ ಬಂತು. ಅವಳ ಕೈ ಎದ್ದದ್ದು ಅವನಿಗೆ ಕಾಣಲಿಲ್ಲ. ಹುಬ್ಬಿನಿಂದ ಕೆನ್ನೆಗೆ ಒಂದು ಬಿಸಿ ಗೆರೆ ತೆರೆದುಕೊಂಡಿತು. ಆಮೇಲೆ ಎಲ್ಲರೂ. ಹೊಟ್ಟೆಗೆ ಮೊಣಕಾಲು, ಕಿವಿಯ ಮೇಲೆ ಮುಷ್ಟಿ, ಬಿದ್ದಮೇಲೆ ಬೂಟು. ಹದಿನೈದು ಕುದುರೆ ಕಳೆದುಕೊಂಡವರು, ಇನ್ನು ಒಂಬತ್ತು ಕಳೆದುಕೊಳ್ಳಲಿದ್ದವರು, ಅಷ್ಟು ಹೊತ್ತು ಹಗ್ಗದ ಹಿಂದೆ ಕೈಕಟ್ಟಿ ನಿಂತು ಯಾರನ್ನು ಹೊಡೆಯಬೇಕೆಂದು ತಿಳಿಯದೆ ಇದ್ದವರು. ಯಾರೋ ಅವನ ಕೂದಲು ಹಿಡಿದು ಮುಖವನ್ನು ಇಟ್ಟಿಗೆಪುಡಿಗೆ ಉಜ್ಜಿದರು. ಪಕ್ಕೆಲುಬು ಮುರಿದ ಸದ್ದು ಅವನಿಗೆ ಒಳಗಿನಿಂದ ಕೇಳಿಸಿತು, ಒಣಕಡ್ಡಿ ಮುರಿದಷ್ಟು ಮೆಲ್ಲಗೆ. ನೋವಿನ ಕೆಳಗೆ, ನಾಚಿಕೆಯಾಗುವಂಥ ಒಂದು ನೆಮ್ಮದಿ: ಇಷ್ಟು ಖಚಿತವಾಗಿ ಅವನಿಗೆ ಯಾವತ್ತೂ ಯಾರೂ ಏನನ್ನೂ ಹೇಳಿರಲಿಲ್ಲ. ಪ್ರತಿ ಒದೆತವೂ ತನಗೇ ಉದ್ದೇಶಿಸಿದ್ದು, ಒಂದೂ ಸುಳ್ಳಲ್ಲ. ರಕ್ತ ಕಟ್ಟಿದ ಕಣ್ಣಿನ ಸಂದಿನಲ್ಲಿ, ಹಗ್ಗ ಹರಿದು ಜನ ಅಂಗಳಕ್ಕೆ ನುಗ್ಗಿದ್ದು ಕಂಡಿತು. ಪೊಲೀಸನ ಲಾಠಿ ಯಾರದೋ ತಲೆಯ ಮೇಲೆ ಇಳಿಯಿತು. ಜೆಸಿಬಿಯ ಗಾಜು ಒಡೆಯಿತು. ಸುಣ್ಣದ ಚೀಲವೊಂದು ಹರಿದು ಬೆಳ್ಳಗೆ ಹೊಗೆಯೆದ್ದಿತು. ಪಶುವೈದ್ಯೆ ಪಿಸ್ತೂಲನ್ನು ಗುಂಡಿಗೆ ಎಸೆದು, ತಲೆಯ ಮೇಲೆ ಎರಡೂ ಕೈ ಹೊತ್ತು, ಸತ್ತ ಕುದುರೆಯೊಂದಕ್ಕೆ ಒರಗಿ ಕೂತುಬಿಟ್ಟಳು. ಕಂದು ಕುದುರೆ ಹಗ್ಗ ಎಳೆದುಕೊಂಡು ಗೋಡೆಯುದ್ದಕ್ಕೂ ಓಡುತ್ತಿತ್ತು.

ದೊಂಬಿಯಾದ್ದರಿಂದ ಕೆಲಸ ನಿಂತಿತು. ನಿಂತದ್ದರಿಂದ ಪೇಪರಿನವರು ಬಂದರು. ಅವರು ಬಂದದ್ದರಿಂದ ಮೇಲಿನವರು ಎರಡನೆಯ ಟೆಸ್ಟು ಮಾಡಿಸಿರೆಂದರು. ಒಂಬತ್ತು ಕುದುರೆಗಳನ್ನು ಗೂಡಿನ ಹಿಂದಿನ ಕೊಟ್ಟಿಗೆಯಲ್ಲಿ ಬೀಗ ಹಾಕಿ ಕಾದರು. ನಿರ್ದೇಶಕರು ಆಸ್ಪತ್ರೆಗೆ ಬಂದು, ಅವನ ಕಟ್ಟುಗಳನ್ನು ನೋಡಿ, "ನೀವು ಹೀಗೆ ಮಾಡ್ತೀರ ಅಂತ ಅಂದ್ಕೊಂಡಿರ್ಲಿಲ್ಲ," ಎಂದರು. ಅದು ಹೊಗಳಿಕೆಯೋ ಅಲ್ಲವೋ ಅವನಿಗೆ ತಿಳಿಯಲಿಲ್ಲ. ಹೆಂಡತಿ ಚಮಚದಲ್ಲಿ ಗಂಜಿ ಕುಡಿಸುತ್ತ, "ನೀವಾಗೇ ಹೋಗಿ ಏಟು ತಿಂದ್ರಂತೆ," ಎಂದಳು. ಅವನು ಗಂಜಿಗೆ ಬಾಯಿ ತೆರೆದ. ಫಲಿತಾಂಶವನ್ನು ತಂದು ಹೇಳಿದ್ದು ಪಶುವೈದ್ಯೆ. ಕೆಲಸಕ್ಕೆ ರಜೆ ಹಾಕಿದ್ದಳು, ಮಾಸ್ಕಿಲ್ಲದ ಮುಖ ತುಂಬ ಎಳೆಯದಾಗಿತ್ತು. ಎಂಟು ಕುದುರೆ ಮನೆಗೆ ಹೋದವು. ಒಂದಕ್ಕೆ ಮಾತ್ರ ನಿಜವಾಗಿಯೂ ರೋಗವಿತ್ತು, ಕಂದು ಹೆಣ್ಣುಕುದುರೆಗೆ. ಅದನ್ನು ಬೇರೆ ಯಾರೋ ಹೊಡೆದರು. "ಆ ಹದಿನೈದರಲ್ಲಿ ಎಷ್ಟಕ್ಕೆ ಇತ್ತು?" ಎಂದು ಅವಳು ಕೇಳಿದಳು, ಅವನ ಮುಖ ನೋಡದೆ. ಎರಡೋ ಮೂರೋ ಇರಬಹುದು ಎಂದ. ಉಳಿದ ಹನ್ನೆರಡನ್ನು ಅವಳು ಮನಸ್ಸಿನಲ್ಲೇ ಕಳೆದದ್ದು ಅವನಿಗೆ, ಆ ಒಂದು ಸಲಕ್ಕೆ, ನೋಡಿದರೇ ಗೊತ್ತಾಯಿತು.

ಹುಬ್ಬಿನ ಹೊಲಿಗೆ ಬಿಚ್ಚಿಸಲು ಹೋದ ದಿನ ಆಸ್ಪತ್ರೆಯ ಓಣಿಯಂಥ ಕಾರಿಡಾರಿನಲ್ಲಿ, ಬೆಂಚಿನ ತುದಿಗೆ ಗಾಡಿಯಕ್ಕ ಕೂತಿದ್ದಳು. ಮೊದಲಿಗೆ ಗುರುತು ಹತ್ತಲಿಲ್ಲ. ಆ ಗಟ್ಟಿ ಮೈ ಹದಿನೈದೇ ದಿನದಲ್ಲಿ ಯಾರೋ ಕಡ ತಂದ ಬಟ್ಟೆಯ ಹಾಗೆ ಜೋಲುಬಿದ್ದಿತ್ತು. ಕೆಮ್ಮುತ್ತಿದ್ದಳು. ಅವನನ್ನು ಕಂಡು ಎದ್ದಳು.

"ನಿಮ್ಮನ್ನೇ ಕೇಳ್ಬೇಕು ಅಂತಿದ್ದೆ. ನಂಗೂ ಅದೇ ಟೆಸ್ಟ್ ಮಾಡಿದಾರೆ. ಪಾಸಿಟಿವ್ ಅಂತೆ. ಈಗ್ಲೇ ಸೇರ್ಕೊಂಡು ಸೂಜಿ ಹಾಕಿಸ್ಕೋ ಅಂತಾರೆ ಆ ಡಾಕ್ಟ್ರು." ಅವಳು ನಕ್ಕಳು. "ನಾನು ಹೇಳ್ದೆ, ಎರಡನೇ ಟೆಸ್ಟ್ ಬರ್ಲಿ, ಕಾಯ್ತೀನಿ ಅಂತ. ಆರರಲ್ಲಿ ಐದು ಸುಳ್ಳು ಅಲ್ವಾ? ನೀವೇ ಹೇಳಿದ್ದು."

"ಕೊಟ್ಟಿಗೆಗೆ ಹೋಗಿದ್ರಾ?" ಎಂದು ಕೇಳಿದ.

"ಗೋಡೆ ಹತ್ತಿ ಹೋಗ್ತಿದ್ದೆ. ಒಂದೂ ದಿನ ಬಿಡ್ಲಿಲ್ಲ. ಅದಕ್ಕೆ ಮೂಗು ಕಟ್ತಿತ್ತು, ಒರೆಸ್ಬೇಕಲ್ಲ. ಪಕ್ಕದಲ್ಲೇ ಮಲಗ್ತಿದ್ದೆ. ನೀವು ಅಷ್ಟು ಒದೆ ತಿಂದು ಉಳ್ಸಿದ ಜೀವ."

ಅವನ ತಲೆಯಲ್ಲಿ ಆ ಸಾಲು ತಾನಾಗಿ ಬರೆದುಕೊಂಡಿತು, ಕೊನೆಯ ಜಾಗದ ಸಮೇತ. ನೂರಕ್ಕೆ ಒಂದಲ್ಲ. ರೋಗದ ಕುದುರೆಯ ಉಸಿರಿಗೆ ಉಸಿರು ಕೊಟ್ಟು ಮಲಗಿದವಳು, ಜ್ವರವಿರುವವಳು, ಕೆಮ್ಮುವವಳು. ಇವಳಂಥವರು ನೂರು ಜನ ಬಂದರೆ ಟೆಸ್ಟಿಗೆ ಮುಂಚೆಯೇ ಐವತ್ತು ಜನಕ್ಕೆ ರೋಗ ಇರುತ್ತದೆ. ಅರ್ಧಕ್ಕರ್ಧ. ಹಾಗಾದರೆ ಪೇಪರಿನಲ್ಲಿ ದಪ್ಪಕ್ಷರದಲ್ಲಿ ಬಂದಿದ್ದ, ಹದಿನೈದು ಕುದುರೆಗಳನ್ನು ಕೊಂದಿದ್ದ ಆ ತೊಂಬತ್ತೈದು ಇವಳಿಗೆ ಸರಿ. ತಪ್ಪಿದ್ದ ಅಂಕಿ ಇವಳ ವಿಷಯದಲ್ಲಿ ನಿಜ. ನಿಜವೆಂದು ಅವನು ಪಕ್ಕೆಲುಬು ತೆತ್ತು ಕೊಟ್ಟ ಅಂಕಿ ಇವಳನ್ನು ಕೊಲ್ಲುತ್ತದೆ.

"ಕಾಯ್ಬೇಡಿ ಅಕ್ಕ. ಈಗ್ಲೇ ಒಳಗೆ ಹೋಗಿ. ನಿಮ್ಮ ಲೆಕ್ಕ ಬೇರೆ."

"ನನ್ನ ಲೆಕ್ಕ ಬೇರೆ?"

"ನಿಮಗೆ ನೂರಕ್ಕೆ ತೊಂಬತ್ತೈದು ಇದೆ."

ಅವಳ ನಗು ನಿಧಾನವಾಗಿ ಇಳಿಯಿತು. ಬೆಂಚಿನಲ್ಲಿದ್ದ ಇಬ್ಬರು ಮುದುಕರು ತಿರುಗಿ ನೋಡಿದರು. "ಅವತ್ತು ಒಂದು ಹೇಳಿದ್ರಿ, ಇವತ್ತು ಇನ್ನೊಂದು," ಎಂದಳು. "ಒಂಬತ್ತು ಕುದುರೆಗೆ ಕಾದ್ರಿ. ನನಗ್ಯಾಕೆ ಕಾಯಲ್ಲ? ನಾನು ಕುದುರೆಗಿಂತ ಕಡಿಮೆನಾ?" ಅವಳು ಚೀಲ ಎತ್ತಿಕೊಂಡು ಹೊರಬಾಗಿಲ ಕಡೆ ನಡೆದಳು. ಅವನ ಬಳಿ ಅವಳಿಗೆ ಅರ್ಥವಾಗುವ ಮಾತಿತ್ತು. ಹಾಳೆಯೊಂದರ ಮೇಲೆ ಚೌಕ ಬರೆದು, ತಾಳ್ಮೆಯಿಂದ ಕೂರಿಸಿಕೊಂಡು ಹೇಳಿದರೆ ಆಗುತ್ತಿತ್ತು. ಅವಳು ಬಾಗಿಲು ದಾಟುತ್ತಿದ್ದಳು.

ಅವನು ಓಡಿಹೋಗಿ ಅವಳ ರಟ್ಟೆ ಹಿಡಿದ. ಬಿಡಿಸಿಕೊಂಡಳು. ಮತ್ತೆ ಹಿಡಿದ, ಈ ಸಲ ಎರಡೂ ಕೈಯಿಂದ, ಬೆರಳು ಮಾಂಸಕ್ಕೆ ಇಳಿಯುವ ಹಾಗೆ. "ಬಿಡೋ," ಎಂದಳು, ಬಹುವಚನ ಬಿದ್ದುಹೋಯಿತು. ಅವನು ಎಳೆದ. ಅವಳ ಚೀಲ ಬಿದ್ದು ಬಾಟಲಿ ಒಡೆದು ನೀರು ಹರಿಯಿತು. ಕಾವಲುಗಾರ ಓಡಿ ಬಂದು ಅವನ ಕತ್ತುಪಟ್ಟಿಗೆ ಕೈಹಾಕಿದಾಗ, ಮೂವತ್ತೆಂಟು ವರ್ಷದಲ್ಲಿ ಯಾರಿಗೂ ಕೈಯೆತ್ತದಿದ್ದವನು ಮೊಣಕೈಯಿಂದ ಅವನ ಮೂಗಿಗೆ ಕೊಟ್ಟ. ಕಾವಲುಗಾರ ಮೂಗು ಹಿಡಿದು ಗೋಡೆಗೆ ಕುಸಿದ. ಜನ ಎದ್ದು ನಿಂತರು. ಯಾರೋ "ಹೆಂಗಸಿನ ಮೇಲೆ ಕೈ ಮಾಡ್ತಾನೆ ನೋಡ್ರೋ" ಎಂದರು. ಗಾಡಿಯಕ್ಕ ಮುಷ್ಟಿ ಕಟ್ಟಿ ಅವನ ಪಕ್ಕೆಗೆ, ಕಟ್ಟು ಹಾಕಿದ್ದ ಜಾಗಕ್ಕೇ ನೋಡಿ ನೋಡಿ ಗುದ್ದಿದಳು. ಕಣ್ಣು ಕತ್ತಲಿಟ್ಟಿತು, ಕೂಡುತ್ತಿದ್ದ ಮೂಳೆ ಮತ್ತೆ ಬಾಯಿ ಬಿಟ್ಟಿತು. ಮುಂದೆ ಅವಳು ತಿಂಗಳುಗಟ್ಟಲೆ ಔಷಧ ತಿಂದು ಬದುಕಿದಳು, ಅವನ ಮೇಲೆ ಪೊಲೀಸರಿಗೆ ದೂರನ್ನೂ ಕೊಟ್ಟಳು. ಅದು ಆಮೇಲಿನ ಮಾತು. ಆಗ ಅವನಿಗೆ ಗೊತ್ತಿದ್ದದ್ದು ಕಾರಿಡಾರಿನ ಕೊನೆಯ ಬಾಗಿಲೊಂದೇ, ಅದರ ಹಿಂದೆ ಡಾಕ್ಟರು.

"ನೂರಕ್ಕೆ ಐದು ಸುಳ್ಳಿರಬೋದಲ್ಲೋ," ಎಂದು ಅವಳು ಕೆಮ್ಮಿನ ನಡುವೆ ಕಿರುಚಿದಳು, "ನಾನು ಆ ಐದರಲ್ಲಿ ಇರಬೋದಲ್ಲೋ, ಪಾಪಿ."

"ಇರಬೋದು ಅಕ್ಕ," ಎಂದ, ಮತ್ತು ಎಳೆದ.